ಕೋಳಿ ಮುಟ್ಟದವರಿಗೇ ಹೊಟ್ಟೆ ಕೆಟ್ಟಿತು, ತಪ್ಪಿದ್ದು ಎಲ್ಲಿ?

ನಿದ್ದೆಗೆಟ್ಟವಳು | ಗುರುವಾರ ಬೆಳಿಗ್ಗೆ 6:10

ಎಲ್ಲರಿಗೂ ನಮಸ್ಕಾರ. ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಬರೆದದ್ದು ಹಿಂದೆಮುಂದೆ ಆಗಿದ್ದರೆ ಹೊಂದಿಸಿಕೊಂಡು ಓದಿ.

ಮನೆಯಲ್ಲಿ ಇಬ್ಬರು ಮಲಗಿದ್ದಾರೆ. ಒಂಬತ್ತು ವರ್ಷದ ಮಗ, ಮತ್ತೆ ನಮ್ಮ ಅತ್ತಿಗೆ. ಬುಧವಾರ ಬೆಳಗಿನ ಜಾವ ಚಳಿ ಜ್ವರ, ಮೈಕೈ ನೋವು ಅಂತ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಹೊಟ್ಟೆ ಹಿಂಡುವ ನೋವು, ನೀರಿನಂಥ ಭೇದಿ. ನಿನ್ನೆ ರಾತ್ರಿ ಮಗನಿಗೆ ಸ್ವಲ್ಪ ರಕ್ತವೂ ಕಂಡಿತು. ಡಾಕ್ಟರ ಹತ್ತಿರ ಹೋಗಿ ಬಂದಾಯಿತು. ಮಲ ಪರೀಕ್ಷೆಗೆ ಕೊಟ್ಟಿದ್ದೇವೆ. ಓಆರ್‌ಎಸ್ ಕುಡಿಸುತ್ತಾ ಕೂತಿದ್ದೇನೆ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಈ ವಾರ ಕೋಳಿ ಮಾಡಿದ್ದಿರಾ ಅಂತ. ಹೌದು, ಭಾನುವಾರ ರಾತ್ರಿ ಮಾಡಿದ್ದೆ. ಫಾರಂ ಕೋಳಿ. ವಾಸನೆ ಇರಲಿಲ್ಲ, ಬಣ್ಣ ಚೆನ್ನಾಗಿತ್ತು, ಮೂರು ನೀರಿನಲ್ಲಿ ತೊಳೆದು ಚೆನ್ನಾಗಿ ಬೇಯಿಸಿದ್ದೆ. ಆದರೆ ಅತ್ತಿಗೆ ಮಾಂಸ ಮುಟ್ಟುವುದೇ ಇಲ್ಲ! ಅವರು ಅವತ್ತು ತಿಂದದ್ದು ಬ್ರೆಡ್ಡು, ಸೌತೆಕಾಯಿ, ಟೊಮೇಟೊ. ಎಲ್ಲರಿಗಿಂತ ಜಾಸ್ತಿ ಕೋಳಿ ತಿಂದವರು ನಮ್ಮ ಯಜಮಾನರು. ಅವರು ಗುಂಡುಕಲ್ಲಿನ ಹಾಗಿದ್ದಾರೆ.

ಮಂಗಳವಾರ ರಾತ್ರಿ ಹೊರಗಿನಿಂದ ಊಟ ತರಿಸಿದ್ದೆವು. ನನಗೆ ಅದರ ಮೇಲೇ ಅನುಮಾನ.

ಬಿಸಿ ಎಣ್ಣೆ | 6:42

ಅನುಮಾನ ಏನು ಬಂತು, ಮಂಗಳವಾರದ ಊಟವೇ. ಭಾನುವಾರ ತಿಂದದ್ದಕ್ಕೆ ಬುಧವಾರ ಯಾಕೆ ಹೊಟ್ಟೆ ಕೆಡುತ್ತೆ? ಪಾಪದ ಕೋಳಿ, ಸತ್ತ ಮೇಲೂ ಬೈಸಿಕೊಳ್ಳುತ್ತಿದೆ.

ಪೆಟ್ರಿ ತಟ್ಟೆ | 7:30

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಡಾಕ್ಟರ್ ಅಲ್ಲ. ಮೊದಲು ಮುಖ್ಯವಾದದ್ದು: ರಕ್ತ ಜಾಸ್ತಿಯಾದರೆ, ಮಗು ಮೂತ್ರ ಮಾಡುವುದು ಕಡಿಮೆಯಾದರೆ, ಮಂಕಾಗಿ ಮಲಗಿದರೆ ಕಾಯಬೇಡಿ, ವಾಪಸ್ ಕರೆದುಕೊಂಡು ಹೋಗಿ. ಭೇದಿ ನಿಲ್ಲಿಸುವ ಮಾತ್ರೆ ನೀವಾಗಿಯೇ ಕೊಡಬೇಡಿ. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಅಂತೂ ಬೇಡವೇ ಬೇಡ.

ಇನ್ನು ಬಿಸಿ ಎಣ್ಣೆಯವರ ಪ್ರಶ್ನೆ. ಹೊಟ್ಟೆ ಕೆಟ್ಟಾಗ ಎಲ್ಲರೂ ಬೈಯುವುದು ಕೊನೆಯ ಊಟವನ್ನೇ. ಆದರೆ ಒಂದೊಂದು ಬ್ಯಾಕ್ಟೀರಿಯಾಕ್ಕೆ ಒಂದೊಂದು ಗಡಿಯಾರ ಇದೆ. ಸ್ಟೆಫೈಲೊಕಾಕಸ್ ಮೊದಲೇ ಆಹಾರದಲ್ಲಿ ವಿಷ ಮಾಡಿಟ್ಟಿರುತ್ತೆ, ಕೆಲವೇ ಗಂಟೆಗಳಲ್ಲಿ ವಾಂತಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ಗೆ 6ರಿಂದ 24 ಗಂಟೆ. ಸಾಲ್ಮೊನೆಲ್ಲಾ 6 ಗಂಟೆಯಿಂದ 6 ದಿನದವರೆಗೆ ಎಳೆಯಬಹುದು. ಕ್ಯಾಂಪೈಲೋಬ್ಯಾಕ್ಟರ್ ಸಾಮಾನ್ಯವಾಗಿ 2ರಿಂದ 5 ದಿನ ತೆಗೆದುಕೊಳ್ಳುತ್ತೆ.

ಮೊದಲು ಜ್ವರ ಮೈಕೈ ನೋವು, ಆಮೇಲೆ ಹೊಟ್ಟೆ ನೋವು, ಆಮೇಲೆ ರಕ್ತ. ಭಾನುವಾರದಿಂದ ಬುಧವಾರಕ್ಕೆ ಎರಡೂವರೆ ದಿನ. ವರದಿ ಬರಲಿ, ಆದರೆ ನನ್ನ ಮನಸ್ಸಿನಲ್ಲಿ ಇರುವುದು ಕೊನೆಯದು.

ಒಂದು ಕೇಳಲಾ? ಆ ಸೌತೆಕಾಯಿ ಎಲ್ಲಿ ಕತ್ತರಿಸಿದಿರಿ?

ನಿದ್ದೆಗೆಟ್ಟವಳು | 8:15

ಅಯ್ಯೋ. ಈಗ ಅಡುಗೆಮನೆಗೆ ಹೋಗಿ ನಿಂತು ನೆನಪು ಮಾಡಿಕೊಂಡೆ.

ಸಿಂಕಿನ ಎಡಗಡೆ ಕಟ್ಟೆ. ಅಲ್ಲಿ ತೂತಿನ ಬುಟ್ಟಿಯಲ್ಲಿ ತೊಳೆದ ಸೌತೆಕಾಯಿ, ಟೊಮೇಟೊ ನೀರು ಸೋರಲಿ ಅಂತ ಇಟ್ಟಿದ್ದೆ. ಅದರ ಪಕ್ಕದಲ್ಲೇ ನಲ್ಲಿ ಜೋರಾಗಿ ಬಿಟ್ಟು ಕೋಳಿ ತೊಳೆದೆ. ಬುಟ್ಟಿಗೂ ನಲ್ಲಿಗೂ ಒಂದು ಮೊಳ ದೂರವೂ ಇಲ್ಲ. ಆಮೇಲೆ ಮಣೆಯ ಮೇಲೆ ಕೋಳಿ ತುಂಡು ಮಾಡಿ, ಮಣೆ ಚಾಕು ಎರಡನ್ನೂ ನಲ್ಲಿ ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ, ಅದರ ಮೇಲೇ ಸೌತೆಕಾಯಿ ಹೆಚ್ಚಿದೆ. ಸೋಪು ಹಾಕಿದ ನೆನಪಿಲ್ಲ. ಮಗ ಪಕ್ಕದಲ್ಲಿ ನಿಂತು ಹೋಳು ಕದ್ದು ತಿನ್ನುತ್ತಿದ್ದ. ಯಜಮಾನರು ಹಸಿ ತರಕಾರಿ ಅಂದರೆ ಮೂಗು ಮುರಿಯುವವರು.

ನಾನೂ ಎರಡು ಹೋಳು ತಿಂದಿದ್ದೆ. ನನಗೆ ಏನೂ ಆಗಿಲ್ಲ ಯಾಕೆ?

ಪೆಟ್ರಿ ತಟ್ಟೆ | 8:40

ನಿಮಗೆ ಸಿಕ್ಕ ಹೋಳಿನಲ್ಲಿ ಇಲ್ಲದೆ ಇರಬಹುದು. ಹಿಂದೆ ಯಾವಾಗಲೋ ತಗುಲಿ ದೇಹಕ್ಕೆ ಸ್ವಲ್ಪ ರಕ್ಷಣೆ ಬಂದಿರಲೂಬಹುದು. ಕ್ಯಾಂಪೈಲೋಬ್ಯಾಕ್ಟರ್‌ನ ತೊಂದರೆ ಏನೆಂದರೆ ಅದಕ್ಕೆ ದೊಡ್ಡ ಸೈನ್ಯ ಬೇಕಿಲ್ಲ. 1981ರಲ್ಲಿ ಒಬ್ಬ ಸಂಶೋಧಕ ಸುಮಾರು 500 ಜೀವಕೋಶಗಳನ್ನು ಹಾಲಿಗೆ ಹಾಕಿ ತಾನೇ ಕುಡಿದು ನೋಡಿದ. ಕಾಯಿಲೆ ಬಂತು. 500 ಅಂದರೆ ಒಂದು ಹನಿಯಲ್ಲಿ ಆರಾಮಾಗಿ ಕೂರುತ್ತವೆ.

ಇದು ಹೊರಗೆ ಬಿದ್ದರೆ ಬೆಳೆಯುವುದಿಲ್ಲ. 30 ಡಿಗ್ರಿಗಿಂತ ಕೆಳಗೆ ಇದಕ್ಕೆ ಹೆಚ್ಚಲು ಆಗುವುದಿಲ್ಲ, ಗಾಳಿಯ ಆಮ್ಲಜನಕವೂ ಜಾಸ್ತಿ. ಒಣಗಿದರೆ ಸಾಯುತ್ತೆ. ಆದರೆ ಒದ್ದೆ ಮಣೆಯಿಂದ ಒದ್ದೆ ಹೋಳಿಗೆ ಹೋಗಲು ಒಂದು ನಿಮಿಷ ಸಾಕು, ಬೆಳೆಯುವ ಅಗತ್ಯವೇ ಇಲ್ಲ. ಕೋಳಿ ಪಾತ್ರೆಗೆ ಹೋಗಿ ಬೆಂದಿತು, ಅದರಲ್ಲಿದ್ದದ್ದು ಸತ್ತಿತು. ಸೌತೆಕಾಯಿಗೆ ಒಲೆ ಇಲ್ಲವಲ್ಲ.

ಬಿಸಿ ಎಣ್ಣೆ | 9:05

ಹಾಗಾದರೆ ಕೋಳಿಯನ್ನು ತೊಳೆಯದೆ ಬೇಯಿಸಬೇಕಾ? ಛೀ. ನಮ್ಮಜ್ಜಿ ಕೇಳಿದ್ದರೆ ಸೌಟು ತಗೊಂಡು ಬರುತ್ತಿದ್ದರು.

ದೊಡ್ಡ ಪಾತ್ರೆ | 9:20

ನಾನು ದೊಡ್ಡ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಬೆವರಿಳಿಸಿದವನು. ತೊಳೆಯಬೇಡಿ. ರಕ್ತ, ಪುಕ್ಕದ ಚೂರು ಇದ್ದರೆ ಪೇಪರ್ ಟವೆಲಿನಲ್ಲಿ ಒತ್ತಿ ತೆಗೆದು ಕಸಕ್ಕೆ ಹಾಕಿ, ಕೈ ಸೋಪು ಹಾಕಿ ತೊಳೆಯಿರಿ. ತೊಳೆಯಲೇಬೇಕು ಅಂತ ಹಟ ಇದ್ದರೆ ನಲ್ಲಿ ಕೆಳಗೆ ಹಿಡಿಯಬೇಡಿ, ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೆ ಮೆಲ್ಲಗೆ ಅದ್ದಿ. ಸುತ್ತಮುತ್ತ ಹಸಿಯಾಗಿ ತಿನ್ನುವಂಥದ್ದು ಏನೂ ಇರಬಾರದು. ಆಮೇಲೆ ಸಿಂಕ್ ಸೋಪಿನಿಂದ ಉಜ್ಜಿ.

ಪೆಟ್ರಿ ತಟ್ಟೆ | 9:48

ಒಪ್ಪಿದೆ. ಆದರೆ ತೊಳೆಯದೆ ಇದ್ದರೆ ಎಲ್ಲ ಮುಗಿಯಿತು ಅಂತ ಅಂದುಕೊಳ್ಳಬೇಡಿ. 2019ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿ ಒಂದು ಪ್ರಯೋಗದ ಫಲಿತಾಂಶ ಹೊರಗೆ ಬಿಟ್ಟವು. ಕೋಳಿಗೆ ಅಪಾಯವಿಲ್ಲದ ಒಂದು ಗುರುತಿನ ಬ್ಯಾಕ್ಟೀರಿಯಾ ಸವರಿ, ಜನರಿಗೆ ಕೊಟ್ಟು, ಅಡುಗೆ ಮಾಡಿ ಜೊತೆಗೆ ಸಲಾಡೂ ಮಾಡಿ ಅಂದರು. ತೊಳೆದವರಲ್ಲಿ 60% ಜನರ ಸಿಂಕಿನಲ್ಲಿ ಅದು ಸಿಕ್ಕಿತು. ಸಿಂಕ್ ಸ್ವಚ್ಛ ಮಾಡಿದೆವು ಅಂದ ಮೇಲೂ 14% ಸಿಂಕುಗಳಲ್ಲಿ ಇತ್ತು. ತೊಳೆದವರಲ್ಲಿ 26% ಜನರ ಸಲಾಡಿನ ಸೊಪ್ಪಿಗೆ ಹತ್ತಿತ್ತು.

ಈಗ ಕೇಳಿ. ತೊಳೆಯದೇ ಇದ್ದವರಲ್ಲಿ 31% ಜನರ ಸಲಾಡಿಗೂ ಹತ್ತಿತ್ತು!

ಹೇಗೆ? ಕೈಯಿಂದ. ಕೋಳಿ ಹಿಡಿದ ಕೈಯಲ್ಲೇ ಉಪ್ಪಿನ ಡಬ್ಬಿ, ಫ್ರಿಜ್ಜಿನ ಹಿಡಿ, ಫೋನು, ಸೊಪ್ಪು. ತೊಳೆಯಬೇಕೋ ಬೇಡವೋ ಅಂತ ನಾವು ಜಗಳ ಆಡುತ್ತೇವೆ, ಕಳ್ಳ ಕೈಯಲ್ಲೇ ಕೂತಿರುತ್ತಾನೆ. ಹಸಿ ತಿನ್ನುವ ತರಕಾರಿ ಮೊದಲು ಹೆಚ್ಚಿ ಮುಚ್ಚಿಟ್ಟು, ಆಮೇಲೆ ಕೋಳಿ ಪ್ಯಾಕೆಟ್ ಬಿಚ್ಚಿ. ಈ ಒಂದು ಅಭ್ಯಾಸ ಅರ್ಧ ಕೆಲಸ ಮಾಡಿಕೊಡುತ್ತೆ.

ಶೆಡ್ಡಿನ ಕಾವಲುಗಾರ | ಮಧ್ಯಾಹ್ನ 1:10

ಬೆಳಿಗ್ಗೆಯಿಂದ ಓದುತ್ತಾ ಇದ್ದೀನಿ. ಅಕ್ಕ, ಮಗು ಬೇಗ ಹುಷಾರಾಗಲಿ.

ನಾನು ಬ್ರಾಯ್ಲರ್ ಸಾಕುವವನು. ಒಂದು ಮಾತು ಕೇಳಬೇಕು ಅನಿಸ್ತು. ನನ್ನ ಶೆಡ್ಡಿನಲ್ಲಿ ಕಾಯಿಲೆ ಕೋಳಿ ಕಂಡರೆ ಅವತ್ತೇ ಬೇರೆ ಮಾಡ್ತೀನಿ. ತೂಕ ಬರ್ತಾ ಇರುತ್ತೆ, ಮೇವು ತಿಂತಾ ಇರುತ್ತೆ, ಹಿಕ್ಕೆ ಸರಿಯಾಗಿರುತ್ತೆ. ಅಂಥ ಕೋಳಿಯಲ್ಲಿ ಈ ರೋಗ ಎಲ್ಲಿಂದ? ನಾವು ಕೊಳಕು ಕೋಳಿ ಕಳಿಸ್ತೀವಿ ಅನ್ನೋ ಹಾಗೆ ಮಾತಾಡಿದರೆ ಬೇಜಾರಾಗುತ್ತೆ.

ಹಳೇ ಪಶುವೈದ್ಯ | 2:25

ತಮ್ಮಾ, ಬೇಜಾರು ಬೇಡ. ನೀನು ಹೇಳಿದ್ದರಲ್ಲೇ ಇಡೀ ಸಮಸ್ಯೆ ಇದೆ. ಕೋಳಿಗೆ ಇದು ರೋಗವೇ ಅಲ್ಲ.

ಕೋಳಿಯ ಮೈ ಬಿಸಿ ಸುಮಾರು 41–42 ಡಿಗ್ರಿ. ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಚೆನ್ನಾಗಿ ಬೆಳೆಯುವುದೂ 42ರಲ್ಲೇ. ಕೋಳಿಯ ಕರುಳಿನ ಕೊನೆಯಲ್ಲಿ ಎರಡು ಕುರುಡು ಚೀಲಗಳು ಇರುತ್ತವಲ್ಲ, ಅಲ್ಲಿ ಆಮ್ಲಜನಕ ಕಡಿಮೆ, ಬಿಸಿ ಹದ, ಲೋಳೆ ಧಾರಾಳ. ಅದಕ್ಕೆ ಅದು ತವರುಮನೆ. ಕೋಟಿಗಟ್ಟಲೆ ಇದ್ದರೂ ಕೋಳಿ ಮೇವು ತಿನ್ನುತ್ತಾ ಓಡಾಡಿಕೊಂಡಿರುತ್ತೆ. ದೊಡ್ಡ ಕೋಳಿಗಳಲ್ಲಿ ಬಹುಪಾಲು ಸಾಲ್ಮೊನೆಲ್ಲಾಗಳ ಕತೆಯೂ ಅಷ್ಟೇ. ಹಾಗಾಗಿ ನೀನು ಶೆಡ್ಡಿನಲ್ಲಿ ನೋಡಿದರೂ ಕಾಣುವುದಿಲ್ಲ, ಕಟಾವು ಮಾಡುವ ಕಡೆ ತಪಾಸಣೆಯವರು ನೋಡಿದರೂ ಕಾಣುವುದಿಲ್ಲ, ಈ ತಾಯಿ ಮೂಸಿ ನೋಡಿದರೂ ಗೊತ್ತಾಗುವುದಿಲ್ಲ. ಮಾಂಸ ಹಳಸಿದರೆ ವಾಸನೆ ಬರುವುದು ಬೇರೆ ಬ್ಯಾಕ್ಟೀರಿಯಾಗಳಿಂದ.

ಹಿಂದೆ ಹಾಗಿರಲಿಲ್ಲ. ಸಾಲ್ಮೊನೆಲ್ಲಾ ಪುಲ್ಲೋರಂ, ಗ್ಯಾಲಿನೇರಂ ಅಂತ ಎರಡು ಇದ್ದವು. ಅವು ಕೋಳಿಗಳನ್ನೇ ಕೊಲ್ಲುತ್ತಿದ್ದವು, ಮನುಷ್ಯರ ತಂಟೆಗೆ ಅಷ್ಟಾಗಿ ಬರುತ್ತಿರಲಿಲ್ಲ. ಸಾಕುವವರಿಗೆ ನಷ್ಟ, ಹಾಗಾಗಿ ಪಟ್ಟು ಹಿಡಿದು ಎಷ್ಟೋ ದೇಶಗಳಲ್ಲಿ ವಾಣಿಜ್ಯ ಶೆಡ್ಡುಗಳಿಂದ ಓಡಿಸಿದರು. ಅವು ಖಾಲಿ ಮಾಡಿದ ಜಾಗಕ್ಕೇ ಎಂಟೆರಿಟಿಡಿಸ್ ಅನ್ನುವ ಇನ್ನೊಂದು ಸಾಲ್ಮೊನೆಲ್ಲಾ ಬಂದು ಕೂತಿತು ಅಂತ ಕೆಲವು ವಿಜ್ಞಾನಿಗಳ ವಾದ. ಇದು ಕೋಳಿಯನ್ನು ಬಿಟ್ಟು ಮನುಷ್ಯನನ್ನು ಹಿಡಿಯುತ್ತೆ. ಕೋಳಿಗೆ ಬರುವ ರೋಗಕ್ಕೆ ಖರ್ಚು ಮಾಡಲು ಎಲ್ಲರೂ ಮುಂದೆ ಬರುತ್ತಾರೆ. ತಿನ್ನುವವನಿಗೆ ಬರುವ ರೋಗಕ್ಕೆ ದುಡ್ಡು ಯಾರು ಹಾಕುತ್ತಾರೆ ಹೇಳು.

ಶೆಡ್ಡಿನ ಕಾವಲುಗಾರ | 2:50

ಹೌದು ಸಾರ್, ಈ ಮಾತು ಸತ್ಯ. ನನಗೆ ಕೊಡುವುದು ತೂಕಕ್ಕೆ. ಕ್ಯಾಂಪೈಲೋ ಇಲ್ಲದ ಬ್ಯಾಚಿಗೆ ಒಂದು ಕಾಸೂ ಜಾಸ್ತಿ ಬರಲ್ಲ.

ಮರಿ ಜೊತೆಗೇ ಬರುತ್ತಾ ಇದು?

ಹಳೇ ಪಶುವೈದ್ಯ | 3:15

ಎರಡಕ್ಕೂ ದಾರಿ ಬೇರೆ. ಸಾಲ್ಮೊನೆಲ್ಲಾ ತಾಯಿ ಕೋಳಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹ್ಯಾಚರಿಗೆ, ಅಲ್ಲಿಂದ ನಿನ್ನ ಶೆಡ್ಡಿಗೆ ಬರಬಹುದು. ಫೀಡಿನಲ್ಲೂ ಬರುತ್ತೆ, ಇಲಿಯಿಂದಲೂ ಬರುತ್ತೆ. ಎಂಟೆರಿಟಿಡಿಸ್ ಅಂತೂ ಕೋಳಿಯ ಅಂಡಾಶಯದಲ್ಲೇ ಇದ್ದು, ಚಿಪ್ಪು ಕೂಡುವ ಮೊದಲೇ ಮೊಟ್ಟೆಯ ಒಳಗೆ ಸೇರಿಕೊಳ್ಳುತ್ತೆ. ಇದಕ್ಕೆ ಲಸಿಕೆ ಇದೆ.

ಕ್ಯಾಂಪೈಲೋ ಹೆಚ್ಚಾಗಿ ಹೊರಗಿನಿಂದ ಒಳಗೆ ಬರುತ್ತೆ. ಮೊದಲ ಎರಡು ಮೂರು ವಾರ ಮರಿಗಳಲ್ಲಿ ಸಿಗುವುದೇ ಇಲ್ಲ ಅನ್ನಬಹುದು, ತಾಯಿಯಿಂದ ಬಂದ ರಕ್ಷಣೆ ಇರುತ್ತೆ. ಆಮೇಲೆ ಒಂದು ಕೋಳಿಗೆ ಹತ್ತಿದರೆ ಸಾಕು. ಅದು ಹಿಕ್ಕೆ ಹಾಕುತ್ತೆ, ಉಳಿದವು ಹೊಟ್ಟು ಕೆದಕಿ ಕುಕ್ಕುತ್ತವೆ, ನೀರಿನ ನಿಪ್ಪಲ್ ಹಂಚಿಕೊಳ್ಳುತ್ತವೆ. ಒಂದು ವಾರದಲ್ಲಿ ಇಡೀ ಶೆಡ್ಡು. ಬಯಲಿನಲ್ಲಿ ಬಿಟ್ಟು ಸಾಕಿದ ಕೋಳಿಯಲ್ಲಿ ಇದು ಕಡಿಮೆ ಅಂತ ತಿಳಿಯಬೇಡಿ. ಹೊರಗೆ ಓಡಾಡುವ ಕೋಳಿಗೆ ಇನ್ನೂ ಸುಲಭವಾಗಿ ಹತ್ತುತ್ತೆ. ಇದಕ್ಕೆ ಮಾರುಕಟ್ಟೆಯಲ್ಲಿ ನಂಬಿಕೊಳ್ಳುವಂಥ ಲಸಿಕೆಯೂ ಇಲ್ಲ.

ಬಾಗಿಲಲ್ಲಿ ಏನು ಮಾಡ್ತೀಯಾ? ಬೂಟು?

ಶೆಡ್ಡಿನ ಕಾವಲುಗಾರ | 3:40

ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ ಇದೆ. ನಿಜ ಹೇಳ್ತೀನಿ, ಮಧ್ಯಾಹ್ನದ ಹೊತ್ತಿಗೆ ಅದು ಕೆಸರಿನ ತಟ್ಟೆ. ನಾನು ಅದರಲ್ಲಿ ಕಾಲಿಟ್ಟು ಒಳಗೆ ಹೋಗೋದು ಸಮಾಧಾನಕ್ಕೆ ಅಷ್ಟೇ.

ನೀವು ಹೇಳಿದ ಮೇಲೆ ಇನ್ನೊಂದು ಹೊಳೀತು. ನಾವು ಅರ್ಧ ಬ್ಯಾಚ್ ಮೊದಲು ಎತ್ತಿಸಿ, ಉಳಿದದ್ದನ್ನು ಒಂದು ವಾರ ಬಿಟ್ಟು ಎತ್ತಿಸ್ತೀವಿ. ಮೊದಲ ಸಲ ಕೋಳಿ ಹಿಡಿಯೋರು ಬಂದಾಗ ಅವರ ಬೂಟು, ಕ್ರೇಟು ಎಲ್ಲ ಒಳಗೆ ಬರುತ್ತೆ. ಬೆಳಿಗ್ಗೆಯಿಂದ ಅವರು ಎಷ್ಟು ಶೆಡ್ ಸುತ್ತಿ ಬಂದಿರ್ತಾರೋ.

ಹಳೇ ಪಶುವೈದ್ಯ | 4:02

ಅದೇ ಜಾಗ. ಉಳಿದ ಕೋಳಿಗಳಿಗೆ ಒಂದು ವಾರ ಸಮಯ ಸಿಗುತ್ತೆ, ಕ್ಯಾಂಪೈಲೋಗೆ ಬೇಕಾದದ್ದೂ ಒಂದೇ ವಾರ. ತಟ್ಟೆಯ ಬದಲು ಬಾಗಿಲಲ್ಲಿ ಒಂದು ಅಡ್ಡಗಟ್ಟೆ ಕಟ್ಟಿ, ಆ ಕಡೆಗೆ ಒಂದು ಜೊತೆ ಬೂಟು, ಈ ಕಡೆಗೆ ಬೇರೆ ಜೊತೆ ಇಡು. ಕಟ್ಟೆ ದಾಟುವಾಗ ಬೂಟು ಬದಲಾಗಬೇಕು. ಡೆನ್ಮಾರ್ಕಿನಲ್ಲಿ ಗಾಳಿ ಕಿಂಡಿಗಳಿಗೆ ನೊಣದ ಬಲೆ ಹಾಕಿ ನೋಡಿದರು, ಬೇಸಿಗೆಯಲ್ಲಿ ಸೋಂಕಿನ ಬ್ಯಾಚುಗಳು ಚೆನ್ನಾಗಿಯೇ ಕಡಿಮೆಯಾದವು. ನೊಣದ ಕಾಲೂ ಒಂದು ಬೂಟೇ ತಾನೆ.

ಇನ್ನೊಂದು ಕತೆ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು. 1970ರ ದಶಕದ ಶುರುವಿನಲ್ಲಿ ಫಿನ್ಲೆಂಡಿನಲ್ಲಿ ಬ್ರಾಯ್ಲರುಗಳಿಗೆ ಸಾಲ್ಮೊನೆಲ್ಲಾ ಇನ್‌ಫ್ಯಾಂಟಿಸ್ ಬಿತ್ತು. ಎಸ್ಕೋ ನೂರ್ಮಿ ಅನ್ನುವವರು ಯೋಚಿಸಿದರು: ಹ್ಯಾಚರಿಯ ಮರಿ ತಾಯಿಯನ್ನೇ ನೋಡಿರುವುದಿಲ್ಲ, ಅದರ ಕರುಳು ಖಾಲಿ ಸೈಟು ಇದ್ದ ಹಾಗೆ, ಮೊದಲು ಬಂದವನು ಬೇಲಿ ಹಾಕುತ್ತಾನೆ. ಆರೋಗ್ಯವಾದ ದೊಡ್ಡ ಕೋಳಿಯ ಕರುಳಿನಲ್ಲಿರುವುದನ್ನು ಮರಿಗಳಿಗೆ ಕೊಟ್ಟರು. ಸಾಲ್ಮೊನೆಲ್ಲಾಕ್ಕೆ ಜಾಗ ಸಿಗಲಿಲ್ಲ. 1973ರಲ್ಲಿ ಅದು ಪ್ರಕಟವಾಯಿತು. ಅಂಗಳದಲ್ಲಿ ಹೇಂಟೆ ತನ್ನ ಮರಿಗೆ ಸುಮ್ನೆ ಮಾಡುವ ಕೆಲಸ ಅದು.

ಮೂರನೇ ಪಾಳಿ | ರಾತ್ರಿ 11:35

ಪಾಳಿ ಮುಗಿಸಿ ಬಂದು ಓದಿದೆ. ಶೆಡ್ಡೂ ಅಡುಗೆಮನೆಯೂ ಆಯಿತು, ನಡುವೆ ನಾವಿದ್ದೇವೆ. ಕೋಳಿ ಸಂಸ್ಕರಣೆ ಘಟಕದಲ್ಲಿ ಗುಣಮಟ್ಟ ನೋಡುವ ಕೆಲಸ ನನ್ನದು.

ಶೆಡ್ಡಿನಲ್ಲಿ ಕರುಳೊಳಗೆ ಇದ್ದದ್ದು ಚರ್ಮದ ಮೇಲೆ ಬರುವುದು ನಮ್ಮ ಲೈನಿನಲ್ಲಿ. ಕಟಾವಿಗೆ ಮೊದಲು, ಸಾಗಿಸುವ ಹೊತ್ತೂ ಸೇರಿ, 8ರಿಂದ 12 ಗಂಟೆ ಮೇವು ನಿಲ್ಲಿಸಬೇಕು. ಬೇಗ ಕಳಿಸಿದರೆ ಕರುಳು ತುಂಬಿರುತ್ತೆ, ಯಂತ್ರ ಎಳೆಯುವಾಗ ಒಡೆಯುತ್ತೆ. ತೀರಾ ತಡವಾದರೂ ಕಷ್ಟ. ಹಸಿದ ಕೋಳಿ ನೆಲದ ಹೊಟ್ಟನ್ನೇ ಕುಕ್ಕಿ ಗಂಟಲ ಬುಡದ ಚೀಲ ತುಂಬಿಕೊಳ್ಳುತ್ತೆ, ಕರುಳಿನ ಗೋಡೆಯೂ ತೆಳುವಾಗಿ ಹರಿಯುತ್ತೆ. ಲಾರಿ ದಾರಿಯಲ್ಲಿ ಮೂರು ಗಂಟೆ ನಿಂತರೆ ನನಗೆ ಲೈನ್ ನೋಡಿದ ಕೂಡಲೇ ಗೊತ್ತಾಗುತ್ತೆ, ಹಸಿರು ಕಲೆ ಜಾಸ್ತಿ.

ಆಮೇಲೆ 50ರಿಂದ 60 ಡಿಗ್ರಿಯ ಬಿಸಿನೀರಿನ ತೊಟ್ಟಿ. ಎಲ್ಲ ಕೋಳಿಗೂ ಅದೇ ನೀರು. ಪುಕ್ಕ ಕೀಳುವ ಯಂತ್ರದಲ್ಲಿ ನೂರಾರು ರಬ್ಬರ್ ಬೆರಳುಗಳು ಬಡಿಯುತ್ತವೆ, ಹೊಟ್ಟೆ ಒತ್ತಿ ಹಿಕ್ಕೆ ಹೊರಗೆ ಬರುತ್ತೆ, ಅದೇ ಬೆರಳು ಮುಂದಿನ ಕೋಳಿಗೂ ಬಡಿಯುತ್ತೆ. ಪುಕ್ಕ ಇದ್ದ ಗುಳಿಗಳು ತೆರೆದಿರುತ್ತವೆ. ತಣ್ಣೀರಿಗೆ ಹೋದಾಗ ಮುಚ್ಚಿಕೊಳ್ಳುತ್ತವೆ, ಒಳಗೆ ಸೇರಿದ್ದು ಅಲ್ಲೇ ಉಳಿಯುತ್ತೆ. ಅದಕ್ಕೇ ಅಕ್ಕ, ನೀವು ಮೂರು ನೀರಲ್ಲ, ಮೂವತ್ತು ನೀರಿನಲ್ಲಿ ತೊಳೆದರೂ ಅದು ಹೋಗುವುದಿಲ್ಲ.

ಬಿಸಿ ಎಣ್ಣೆ | 11:50

ಇನ್ನು ಒಂದು ವಾರ ನನಗೆ ಕೋಳಿ ಸೇರಲ್ಲ. ಧನ್ಯವಾದ.

ಅಲ್ಲ ಸಾರ್, ಕ್ಲೋರಿನ್ ನೀರಿನಲ್ಲಿ ಮುಳುಗಿಸಿ ತೆಗೆದರೆ ಮುಗೀತಲ್ಲ?

ಮೂರನೇ ಪಾಳಿ | ಶುಕ್ರವಾರ ರಾತ್ರಿ 12:05

ಅಮೆರಿಕದಲ್ಲಿ ರಾಸಾಯನಿಕ ಸ್ನಾನಕ್ಕೆ ಅವಕಾಶ ಇದೆ, ಈಗ ಹೆಚ್ಚಾಗಿ ಪೆರಾಸಿಟಿಕ್ ಆ್ಯಸಿಡ್ ಬಳಸುತ್ತಾರೆ. ಯುರೋಪಿಯನ್ ಒಕ್ಕೂಟ 1997ರಿಂದ ಕ್ಲೋರಿನ್ ಸ್ನಾನಕ್ಕೆ ಒಪ್ಪಿಲ್ಲ. ಕೊನೆಯಲ್ಲಿ ಸ್ನಾನ ಮಾಡಿಸಬಹುದು ಅಂದರೆ ಮೊದಲಿನ ಕೊಳಕನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ ಅನ್ನುವುದು ಅವರ ವಾದ. ನನ್ನ ಅನುಭವದಲ್ಲಿ ಸ್ನಾನದಿಂದ ಲೆಕ್ಕ ಕಡಿಮೆಯಾಗುತ್ತೆ, ಸೊನ್ನೆ ಆಗುವುದಿಲ್ಲ.

ಪೆಟ್ರಿ ತಟ್ಟೆ | ಬೆಳಿಗ್ಗೆ 7:15

ಈ ಭೇದಿಯಲ್ಲಿ ಕೋಳಿಯ ಪಾಲು ಎಷ್ಟು ಅಂತ ಅನುಮಾನ ಇರುವವರಿಗೆ ಬೆಲ್ಜಿಯಂ ಕತೆ. 1999ರಲ್ಲಿ ಅಲ್ಲಿ ಕೋಳಿ ಫೀಡಿಗೆ ಡಯಾಕ್ಸಿನ್ ಅನ್ನುವ ವಿಷ ಸೇರಿದ ಗಲಾಟೆಯಾಗಿ, ಜೂನ್ ತಿಂಗಳಲ್ಲಿ ಅಂಗಡಿಗಳಿಂದ ಕೋಳಿ, ಮೊಟ್ಟೆ ಎಲ್ಲ ವಾಪಸ್ ತೆಗೆಸಿದರು. ಯಾರೂ ಬ್ಯಾಕ್ಟೀರಿಯಾದ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆಮೇಲೆ ಲೆಕ್ಕ ತೆಗೆದರೆ ಆ ವಾರಗಳಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಪ್ರಕರಣಗಳು ಸುಮಾರು 40% ಇಳಿದಿದ್ದವು. ಕೋಳಿ ಅಂಗಡಿಗೆ ವಾಪಸ್ ಬಂತು, ಕಾಯಿಲೆಯೂ ವಾಪಸ್ ಬಂತು.

ದೊಡ್ಡ ಪಾತ್ರೆ | 8:30

ನನಗೆ ಒಂದು ಸಿಟ್ಟು ಇದೆ. ಶೆಡ್ಡು, ಲಾರಿ, ಲೈನು ಎಲ್ಲ ದಾಟಿಸಿ, ಕೊನೆಗೆ ಅಡುಗೆ ಮಾಡುವವರ ಕೈಗೆ ಕೊಟ್ಟು "ಚೆನ್ನಾಗಿ ಬೇಯಿಸಿ" ಅಂತ ಚೀಟಿ ಅಂಟಿಸುತ್ತಾರೆ. ಮಗುವಿಗೆ ಹುಷಾರಿಲ್ಲ ಅಂದರೆ ಅಮ್ಮ ಮಣೆ ಸರಿಯಾಗಿ ತೊಳೆದಿಲ್ಲ ಅಂತ ಆಗುತ್ತೆ. ಈ ಚರ್ಚೆಯಲ್ಲೂ ಮೊದಲ ಹತ್ತು ಉತ್ತರ ಅವರ ಸಿಂಕಿನ ಮೇಲೇ ಇತ್ತು, ಅಲ್ವಾ?

ಪೆಟ್ರಿ ತಟ್ಟೆ | 8:44

ಅಲ್ವಾ ಅಂದರೆ ಹೌದು. ತಪ್ಪೊಪ್ಪಿಗೆ.

ಹಳೇ ಪಶುವೈದ್ಯ | 10:20

ದೊಡ್ಡ ಪಾತ್ರೆಯವರ ಮಾತಿಗೆ ಸಾಕ್ಷಿ ಇದೆ. ಸ್ವೀಡನ್ನಿನ ಆಲ್ವೆಸ್ತಾದಲ್ಲಿ 1953ರಲ್ಲಿ ಒಂದು ಕಸಾಯಿಖಾನೆಯ ಮಾಂಸದಿಂದ ಸಾಲ್ಮೊನೆಲ್ಲಾ ಹರಡಿ ಸುಮಾರು 9,000 ಜನ ಮಲಗಿದರು, 90ರಷ್ಟು ಜನ ಸತ್ತರು. ಅದು ಕೋಳಿ ಮಾಂಸ ಅಲ್ಲ, ಆದರೆ ಆಮೇಲೆ ಆ ದೇಶ ಫೀಡಿನಿಂದ ಹಿಡಿದು ಮರಿಯವರೆಗೆ ಎಲ್ಲವನ್ನೂ ಪರೀಕ್ಷೆ ಮಾಡಲು ಶುರು ಮಾಡಿತು. ಈಗ ಅಲ್ಲಿನ ಕೋಳಿಯಲ್ಲಿ ಸಾಲ್ಮೊನೆಲ್ಲಾ ಸಿಗುವುದು ತೀರಾ ಅಪರೂಪ.

ಐಸ್‌ಲೆಂಡ್ ಕ್ಯಾಂಪೈಲೋಗೆ ಸುಲಭದ ದಾರಿ ಹಿಡಿಯಿತು. ಕಟಾವಿಗೆ ಮೊದಲು ಬ್ಯಾಚ್ ಪರೀಕ್ಷೆ ಮಾಡಬೇಕು. ಸೋಂಕು ಸಿಕ್ಕರೆ ಆ ಮಾಂಸವನ್ನು ತಾಜಾ ಮಾರುವಂತಿಲ್ಲ, ಗಟ್ಟಿಯಾಗಿ ಹೆಪ್ಪುಗಟ್ಟಿಸಿಯೇ ಮಾರಬೇಕು. ಹೆಪ್ಪುಗಟ್ಟಿಸಿದರೆ ಪೂರ್ತಿ ಸಾಯುವುದಿಲ್ಲ, ಆದರೆ ಲೆಕ್ಕ ಚೆನ್ನಾಗಿ ಇಳಿಯುತ್ತೆ. 1999ರಲ್ಲಿ ಏರಿದ್ದ ಕಾಯಿಲೆ 2000ದಿಂದ ಇಳಿಯಿತು. ತಾಜಾ ಕೋಳಿಗೆ ಬೆಲೆ ಜಾಸ್ತಿ ಸಿಗುವುದರಿಂದ ಸಾಕುವವರಿಗೆ ಬೂಟು ಬದಲಿಸಲು ಕಾರಣವೂ ಸಿಕ್ಕಿತು.

ಶೆಡ್ಡಿನ ಕಾವಲುಗಾರ | 10:31

ನೋಡಿ, ಇದು ಬೇಕು. ಬೂಟಿಗೆ ಬೆಲೆ ಬಂದರೆ ನಾನು ನಾಲ್ಕು ಜೊತೆ ಇಡ್ತೀನಿ.

ಬಿಸಿ ಎಣ್ಣೆ | 11:02

ಬೆಂದಿದೆ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ ಅಂತ ಯಾರೂ ಹೇಳಲಿಲ್ಲ. ನಾನು ಮೂಳೆ ಹತ್ತಿರ ಕೆಂಪು ಇಲ್ಲದಿದ್ದರೆ ಬೆಂದಿದೆ ಅಂತೀನಿ.

ದೊಡ್ಡ ಪಾತ್ರೆ | 11:25

ಬಣ್ಣ ಸುಳ್ಳು ಹೇಳುತ್ತೆ. ಬ್ರಾಯ್ಲರ್ ಆರು ವಾರದ ಕೂಸು, ಅದರ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಜ್ಜೆಯ ಬಣ್ಣ ಹೊರಗೆ ಸೋರಿ, ಪೂರ್ತಿ ಬೆಂದ ಮೇಲೂ ಕೆಂಪಾಗಿ ಕಾಣಬಹುದು. ಬೇಯದೆಯೂ ಬಿಳಿಯಾಗಬಹುದು. ಚುಚ್ಚುವ ಥರ್ಮಾಮೀಟರ್ ತಗೊಳ್ಳಿ. ದಪ್ಪ ಜಾಗಕ್ಕೆ ಚುಚ್ಚಿ, ಮೂಳೆ ತಗುಲಬಾರದು. 74 ಡಿಗ್ರಿ ತೋರಿಸಿದರೆ ಸಾಕು. ಬ್ರಿಟನ್ನಿನಲ್ಲಿ 70ರಲ್ಲಿ ಎರಡು ನಿಮಿಷ ಅಂತ ಹೇಳುತ್ತಾರೆ, ಕೆಲಸ ಒಂದೇ.

ಮತ್ತೆ ದೊಡ್ಡ ಪಾತ್ರೆ ಅಡುಗೆ ಮಾಡುವವರು ಇಲ್ಲಿದ್ದರೆ: ಪರ್ಫ್ರಿಂಜೆನ್ಸ್ ಬೀಜ ಕಟ್ಟಿಕೊಂಡು ಕುದಿಯನ್ನೂ ತಡೆಯುತ್ತೆ. ಮಾಂಸದ ಪಾತ್ರೆಯನ್ನು ಒಲೆಯಿಂದ ಇಳಿಸಿ ಹಾಗೇ ರಾತ್ರಿ ಬಿಟ್ಟರೆ ಅದು ಮೊಳೆತು, 45 ಡಿಗ್ರಿ ಹತ್ತಿರ ಹತ್ತೇ ನಿಮಿಷಕ್ಕೆ ಎರಡರಷ್ಟಾಗುತ್ತೆ. ಅಗಲ ತಟ್ಟೆಗಳಿಗೆ ಸುರಿದು ಬೇಗ ತಣ್ಣಗೆ ಮಾಡಿ ಫ್ರಿಜ್ಜಿಗೆ ಇಡಿ.

ನಿದ್ದೆಗೆಟ್ಟವಳು | ಸೋಮವಾರ ಸಂಜೆ 5:40

ವರದಿ ಬಂತು. ಇಬ್ಬರಲ್ಲೂ ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ. ಪೆಟ್ರಿ ತಟ್ಟೆಯವರಿಗೆ ದೊಡ್ಡ ನಮಸ್ಕಾರ. ಅತ್ತಿಗೆಯವರಿಗೆ ತಾನಾಗಿಯೇ ಇಳಿದಿದೆ. ಮಗನಿಗೆ ಡಾಕ್ಟರು ಅಜಿತ್ರೊಮೈಸಿನ್ ಕೊಟ್ಟರು, ಎರಡನೇ ದಿನಕ್ಕೆ ಜ್ವರ ಬಿಟ್ಟಿತು.

ವರದಿಯ ಕೆಳಗೆ ಒಂದು ಸಾಲು ಇದೆ: ಸಿಪ್ರೊಫ್ಲಾಕ್ಸಸಿನ್, ರೆಸಿಸ್ಟಂಟ್. ಅಂದರೆ ಆ ಆಂಟಿಬಯೋಟಿಕ್ ಈ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲವಂತೆ. ಮಗ ಹುಟ್ಟಿದಾಗಿನಿಂದ ಆ ಔಷಧಿ ತಗೊಂಡೇ ಇಲ್ಲ.

ಪೆಟ್ರಿ ತಟ್ಟೆ | 6:05

ಮಗ ತಗೊಂಡಿಲ್ಲ. ಕೋಳಿ ತಗೊಂಡಿರಬಹುದು.

ಸಿಪ್ರೊ ಜಾತಿಯದೇ ಇನ್ನೊಂದು ಔಷಧಿ ಎನ್ರೊಫ್ಲಾಕ್ಸಸಿನ್. ಅದನ್ನು ಕೋಳಿಗಳಿಗೆ ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಹತ್ತು ಕೋಳಿ ಕೆಮ್ಮಿದರೂ ನೀರು ಕುಡಿಯುವುದು ಇಡೀ ಶೆಡ್ಡು. ಕ್ಯಾಂಪೈಲೋದ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಜಾತಿಯ ಔಷಧಿ ಕೆಲಸ ಮಾಡುವುದಿಲ್ಲ. ಅಮೆರಿಕ 1990ರ ದಶಕದ ನಡುವೆ ಕೋಳಿಗೆ ಇದನ್ನು ಒಪ್ಪಿತು, ಮನುಷ್ಯರಲ್ಲಿ ಸಿಪ್ರೊ ಕೇಳದ ಕ್ಯಾಂಪೈಲೋ ಹೆಚ್ಚಾಯಿತು ಅಂತ 2005ರ ಸೆಪ್ಟೆಂಬರಿನಲ್ಲಿ ಎನ್ರೊಫ್ಲಾಕ್ಸಸಿನ್ ವಾಪಸ್ ತೆಗೆಯಿತು. ಆಸ್ಟ್ರೇಲಿಯಾ ಮಾಂಸದ ಪ್ರಾಣಿಗಳಿಗೆ ಈ ಜಾತಿಯ ಔಷಧಿಗೆ ಒಪ್ಪಿಗೆಯನ್ನೇ ಕೊಡಲಿಲ್ಲ. ಅಲ್ಲಿ ಈ ತೊಂದರೆ ಬಹಳ ಕಾಲ ಕಡಿಮೆಯೇ ಇತ್ತು.

ಇನ್ನೊಂದು ಮಾತು, ಹೆದರಿಸಲು ಅಲ್ಲ. ಈ ಸೋಂಕಾದವರಲ್ಲಿ ಸುಮಾರು ಸಾವಿರಕ್ಕೆ ಒಬ್ಬರಿಗೆ ಕೆಲವು ವಾರಗಳ ಮೇಲೆ ಗಿಲಾನ್ ಬಾರೆ ಅನ್ನುವ ನರದ ತೊಂದರೆ ಬರುತ್ತೆ. ಕಾಲು ಜುಮ್ಮೆಂದು ಬಲ ಕಡಿಮೆಯಾದ ಹಾಗೆ ಅನಿಸಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ, ಈ ವರದಿಯನ್ನೂ ತೋರಿಸಿ.

ಶೆಡ್ಡಿನ ಕಾವಲುಗಾರ | 9:30

ಮೂರು ಸಲ ಬರೆದು ಅಳಿಸಿದೆ.

ಹೋದ ಬ್ಯಾಚಿನಲ್ಲಿ 24ನೇ ದಿನ ಕೆಮ್ಮು ಶುರುವಾಯಿತು. ಔಷಧಿ ಮಾರುವವನು ಒಂದು ಬಾಟಲಿ ಕೊಟ್ಟ, ನೀರಿನ ಟ್ಯಾಂಕಿಗೆ ಹಾಕು ಅಂದ. ಹಾಕಿದೆ. ಈಗ ಹೋಗಿ ಖಾಲಿ ಬಾಟಲಿ ಓದಿದೆ. ಎನ್ರೊಫ್ಲಾಕ್ಸಸಿನ್. ಕಟಾವಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೋ ಅಷ್ಟು ದಿನ ನಿಲ್ಲಿಸಿದ್ದೆ, ಅದರಿಂದ ಎಲ್ಲ ಸರಿ ಅಂದುಕೊಂಡಿದ್ದೆ.

ಹಳೇ ಪಶುವೈದ್ಯ | 9:52

ದಿನ ನಿಲ್ಲಿಸಿದರೆ ಮಾಂಸದಲ್ಲಿ ಔಷಧಿ ಉಳಿಯುವುದಿಲ್ಲ. ಔಷಧಿ ತಡೆದುಕೊಂಡ ಬ್ಯಾಕ್ಟೀರಿಯಾ ಉಳಿಯುತ್ತೆ. ಲೇಬಲ್ಲಿನಲ್ಲಿ ಮೊದಲನೆಯದನ್ನು ಮಾತ್ರ ಬರೆದಿರುತ್ತಾರೆ.

ಮುಂದಿನ ಸಲ ಕೆಮ್ಮಿದರೆ ಬಾಟಲಿಗೆ ಮೊದಲು ಎರಡು ಸತ್ತ ಕೋಳಿ ತಗೊಂಡು ವೈದ್ಯರ ಹತ್ತಿರ ಹೋಗು, ಕೊಯ್ದು ನೋಡಲಿ. ಎಷ್ಟೋ ಸಲ ಅದು ವೈರಸ್ಸು, ಇಲ್ಲವೇ ಶೆಡ್ಡಿನ ಅಮೋನಿಯಾ ಗಾಳಿ. ಅದಕ್ಕೆ ಬೇಕಾದದ್ದು ಪರದೆ ಎತ್ತುವುದು.

ಶೆಡ್ಡಿನ ಕಾವಲುಗಾರ | 10:10

ಆಗಲಿ ಸಾರ್. ಅಕ್ಕ, ಅತ್ತಿಗೆ ಈಗ ಹೇಗಿದ್ದಾರೆ?

ನಿದ್ದೆಗೆಟ್ಟವಳು | ಮುಂದಿನ ಭಾನುವಾರ ರಾತ್ರಿ 9:15

ತಡವಾಗಿ ಉತ್ತರ, ಕ್ಷಮಿಸಿ. ಎಲ್ಲರೂ ಎದ್ದು ಓಡಾಡುತ್ತಿದ್ದಾರೆ. ತಮ್ಮಾ, ನೀವು ಬರೆದದ್ದಕ್ಕೆ ಬೇಜಾರಿಲ್ಲ, ಬರೆಯದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮಣೆ ಈಗ ಎರಡು. ಥರ್ಮಾಮೀಟರ್ ತಂದೆ. ಇವತ್ತು ಮೊದಲ ಸಲ ತೊಡೆಗೆ ಚುಚ್ಚಿದೆ. ಹೊರಗೆ ಒಳ್ಳೆ ಬಣ್ಣ ಬಂದಿತ್ತು, ನಾನಾಗಿದ್ದರೆ ಇಳಿಸಿಬಿಡುತ್ತಿದ್ದೆ. 66 ತೋರಿಸಿತು. ಏಳು ನಿಮಿಷ ಬಿಟ್ಟು ಚುಚ್ಚಿದರೆ 78. ಬಣ್ಣ ಎರಡು ಸಲವೂ ಒಂದೇ. ಅಷ್ಟು ಹೊತ್ತೂ ಯಜಮಾನರು ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ಅತ್ತಿಗೆ ತಮ್ಮ ಸೌತೆಕಾಯಿಯನ್ನು ತಮ್ಮ ಕೋಣೆಗೆ ತಗೊಂಡು ಹೋಗಿ ಬಾಗಿಲು ಹಾಕಿಕೊಂಡು ಹೆಚ್ಚಿಕೊಂಡರು.